ಹೆಸರಿಲ್ಲದೆ ಬಿಟ್ಟ ನೀರು

ಔರಾದಿನ ದೊಡ್ಡ ನೀರಿನ ಟಾಕಿ ಬರಿದಾದ ಮರುದಿನ ಬೆಳಿಗ್ಗೆಯೇ ಮ್ಯಾನೇಜರ್ ಸಾಹೇಬರು ನನ್ನನ್ನು ಬೀದರಿನ ನೌಬಾದಿನಲ್ಲಿರುವ ಕಚೇರಿಗೆ ಕರೆಸಿಕೊಂಡರು. ಮೇ ತಿಂಗಳು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಅವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಔರಾದಿನಲ್ಲಿ ಹೆಂಗಸರು ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಕೂತಿದ್ದರು. ಬರಿದಾದ ಟಾಕಿಯನ್ನು ತುಂಬಿಸಲು ಮೋಟರು ಓಡಿ ಓಡಿ, ಕೆಳಗಿನ ಸಂಪು ಬತ್ತಿದ ಮೇಲೂ ಓಡಿ, ಸುಟ್ಟುಹೋಗಿತ್ತು.

ಭಾಲ್ಕಿ ಮತ್ತು ಔರಾದ ಎರಡೂ ಪಟ್ಟಣಗಳಿಗೆ ನೀರು ಬಿಡುವ ಗುತ್ತಿಗೆ ಹಿಡಿದ ಕಂಪನಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಓಣಿಗೆ ಯಾವ ದಿನ, ಯಾವ ಹೊತ್ತಿಗೆ ನೀರು ಎಂಬ ಪಾಳಿ ಈ ಸರ್ವರಿನಲ್ಲಿರುತ್ತದೆ. ಅದರ ಪ್ರಕಾರ ವಾಲ್ವುಗಳು ತಾವಾಗಿಯೇ ತೆರೆದು ಮುಚ್ಚಿಕೊಳ್ಳುತ್ತವೆ. ಎರಡೂ ಊರಿನ ಪಂಪ್‌ಹೌಸಿನಲ್ಲಿ ಒಬ್ಬೊಬ್ಬ ಆಪರೇಟರ್ ಇರುತ್ತಾರೆ. ಅವರು ಅಲ್ಲಿಂದಲೇ ಬೀದರಿನ ಸರ್ವರಿಗೆ ಲಾಗಿನ್ ಆಗಿ, ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆದು, ಬೇಕೆಂದಾಗ, ಕಾರಣವೊಂದನ್ನು ಬರೆದು, ಪಾಳಿ ತಪ್ಪಿಸಿಯೂ ವಾಲ್ವು ತೆರೆಯಬಹುದಿತ್ತು. ವಾಲ್ವು ಒಂದೇ ಏಕೆ, ಪಾಳಿಯ ಫೈಲನ್ನೇ ಅಳಿಸಿಹಾಕಬಹುದಿತ್ತು. ಎಲ್ಲರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ರಜೆ ಹಾಕಿದವರ ಬದಲಿಗೆ ಬಂದವನಿಗೂ ಅದೇ, ಮೋಟರು ರಿಪೇರಿಗೆ ಬಂದವನಿಗೂ ಅದೇ. ಪಾಸ್‌ವರ್ಡ್ ಕೇಳಿದವನಿಗೆ ಇಲ್ಲವೆನ್ನುವುದು ನೀರು ಕೇಳಿದವನಿಗೆ ಇಲ್ಲವೆಂದಷ್ಟೇ ಕೆಟ್ಟದ್ದು ಎಂದು ನಮ್ಮ ಜನ ತಿಳಿದುಕೊಂಡಿದ್ದಾರೆ. ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೆ.

"ನೋಡ್ರಿ ಮೇಡಂ," ಎಂದು ಸಾಹೇಬರು ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಪಾಳಿ ಇಲ್ಲದ ಟೈಮಿನಾಗ ವಾಲ್ ಖುಲ್ಲಾ ಆಗ್ಯಾದ. ಕಾರಣ ಏನು ಬರದಾರ? ಲೀಕೇಜ್ ಟೆಸ್ಟ್. ಹೋದ ತಿಂಗಳೂ ಅದೇ, ಅದರ ಹಿಂದಿನ ತಿಂಗಳೂ ಅದೇ. ಔರಾದದಾಗ ಯಾವ ಪೈಪ್ ಒಡದದ ಹೇಳ್ರಿ? ಆ ಕಾಕಾ ನೀರು ಮಾರ್ಲಿಕತ್ಯಾನ. ಟ್ಯಾಂಕರಿನವರಿಗೆ."

ಕಾಕಾ ಎಂದರೆ ಔರಾದಿನ ಆಪರೇಟರು. ಐವತ್ತು ದಾಟಿದ ಮನುಷ್ಯ. ಮೊದಲು ಕೀಲಿ ಹಿಡಿದು ಓಣಿ ಓಣಿ ತಿರುಗಿ ವಾಲ್ವು ತಿರುವುತ್ತಿದ್ದವರು, ಕಂಪ್ಯೂಟರ್ ಬಂದ ಮೇಲೆ ಅದರ ಮುಂದೆ ಕೂತವರು.

"ಅವರ ಕೈ ಕಟ್ರಿ. ನಾವು ಹೇಳಿದಷ್ಟೇ ಕಮಾಂಡ್ ನಡೀಬೇಕು, ಮತ್ತೊಂದು ಹೊಡದ್ರ ನಡೀಬಾರ್ದು. ಮತ್ತ ಟಾಕಿ ಹ್ಯಾಂಗ ಖಾಲಿ ಆಯ್ತು ಅಂಬೋದು ನೀವೇ ನೋಡಿ ನಂಗ ಬರದು ಕೊಡ್ರಿ. ಕಾಕಾನ ನೌಕ್ರಿ ಇರ್ಬೇಕೋ ಹೋಗ್ಬೇಕೋ, ಅದರ ಮ್ಯಾಲ ಫೈಸಲಾ."

ಕಾಕಾ ಕಳ್ಳ ಎಂದು ನನಗೂ ಅನ್ನಿಸಿತ್ತು. ಒಬ್ಬನ ಅನ್ನ ನನ್ನ ಬರಹದ ಮೇಲೆ ನಿಂತಿತಲ್ಲ ಎಂದು ಎದೆ ಸ್ವಲ್ಪ ಭಾರವಾದರೂ, ಇಷ್ಟು ದಿನ ನಾನು ಬೇಡಿದ ಕೆಲಸ ಕೊನೆಗೂ ಕೈಗೆ ಬಂತೆಂಬ ಖುಷಿಯೇ ಹೆಚ್ಚಾಗಿತ್ತು.

ದೂರದಿಂದ ಲಾಗಿನ್ ಆದವರ ಜೊತೆ ಸರ್ವರಿನ ಪರವಾಗಿ ಮಾತಾಡುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಸಾಮಾನ್ಯ ಶೆಲ್ಲು ಬಲು ಉದಾರಿ. ಅಳಿಸು ಎಂದರೆ ಅಳಿಸುತ್ತದೆ, ಯಾಕೆ ಎಂದು ಕೇಳುವುದಿಲ್ಲ. ನಾನು ಅದರ ಜಾಗದಲ್ಲಿ ಕೂರಿಸಲು ಹೊರಟಿದ್ದು ಒಂದು ಜುಗ್ಗ ಶೆಲ್ಲನ್ನು. ಯಾವ ಬಳಕೆದಾರರಿಗೆ ಯಾವ ಕಮಾಂಡು ಎಂದು ಅದರ ಸೆಟ್ಟಿಂಗಿನಲ್ಲಿ ಬರೆದಿಟ್ಟರೆ ಅಷ್ಟು ಮಾತ್ರ ನಡೆಯುತ್ತದೆ. ಬೇರೆ ಏನಾದರೂ ಹೊಡೆದರೆ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆಗಳು ಮುಗಿದರೆ ಲಾಗಿನ್ನನ್ನೇ ಕಡಿದು ಹೊರಗೆ ದಬ್ಬುತ್ತದೆ. ಹೊಡೆದದ್ದನ್ನೆಲ್ಲ ಯಾರು, ಯಾವಾಗ ಎಂಬ ಸಮೇತ ದಾಖಲಿಸಿಕೊಳ್ಳುತ್ತದೆ.

ಹೇಳುವಷ್ಟು ಸಲೀಸಾಗಲಿಲ್ಲ. ಈ ಶೆಲ್ಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ನಮ್ಮ ಸರ್ವರಿನಲ್ಲಿದ್ದ ಪೈಥಾನು ಓಬೀರಾಯನ ಕಾಲದ್ದು, ಅದಕ್ಕೆ ಸಾಲದು. ಹೊಸದನ್ನು ಹಾಕಿದರೆ ವಾಲ್ವು ನಡೆಸುವ ಪ್ರೋಗ್ರಾಮೇ ಮಲಗುತ್ತದೆ. ಕೊನೆಗೆ ಹಳೆಯದನ್ನು ಮುಟ್ಟದೆ, ಹೊಸ ಪೈಥಾನನ್ನು ಬೇರೊಂದು ಡೈರೆಕ್ಟರಿಯಲ್ಲಿ ಕಟ್ಟಿ, ಶೆಲ್ಲು ಅದನ್ನೇ ಹುಡುಕಿಕೊಂಡು ಹೋಗುವಂತೆ ಮಾಡಿದೆ. ಇದನ್ನೆಲ್ಲ ಮೊದಲು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಕಂಪ್ಯೂಟರಿನ ಮೇಲೆ ಮಾಡಿ ನೋಡಿದೆ. ನಂತರ ಭಾಲ್ಕಿಗೆ ಒಂದು ಲಾಗಿನ್, ಔರಾದಿಗೆ ಒಂದು ಲಾಗಿನ್ ತೆರೆದು, ಹಳೆಯ ಎಲ್ಲರ ಲಾಗಿನ್ನಿಗೆ ಬೀಗ ಹಾಕಿದೆ.

ಪಾಳಿ ನೋಡಲಿಕ್ಕೆಂದು ಒಂದು ಎಡಿಟರಿಗೆ, ಅಂದರೆ ಫೈಲು ತೆರೆದು ತಿದ್ದುವ ಪ್ರೋಗ್ರಾಮಿಗೆ, ಅನುಮತಿ ಕೊಟ್ಟಿದ್ದೆ. ಕೊಟ್ಟ ಮೇಲೆ ನಾನೇ ಕಳ್ಳಿಯ ಹಾಗೆ ಕೂತು, ತಪ್ಪಿಸಿಕೊಳ್ಳಲು ದಾರಿ ಹುಡುಕಿದೆ. ಎಡಿಟರಿನ ಒಳಗೇ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಹಳೆಯ ಶೆಲ್ಲನ್ನು ಕರೆದರೆ ಅದು ಓಡಿ ಬಂತು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆಗೆದಿಟ್ಟಂತಾಯಿತು. ಎಡಿಟರನ್ನು ಕಿತ್ತುಹಾಕಿ, ಪಾಳಿಯನ್ನು ತೋರಿಸಿ ಸುಮ್ಮನಾಗುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಒಂದು ಕಮಾಂಡಿನ ಬಾಲಕ್ಕೆ ಇನ್ನೊಂದನ್ನು ಕಟ್ಟುವ ಚಿಹ್ನೆಗಳನ್ನೆಲ್ಲ ನಿಷೇಧಿಸಿದೆ. ದಾಖಲೆಯ ಫೈಲಿಗೆ ಸೇರಿಸಬಹುದು, ಅಳಿಸಲಾಗದು ಎಂಬ ಗುಣ ಕೊಟ್ಟೆ. ಅದನ್ನು ನಾನೂ ಅಳಿಸುವ ಹಾಗಿಲ್ಲ ಎಂದು ಸಾಹೇಬರಿಗೆ ಹೆಮ್ಮೆಯಿಂದ ಹೇಳಿಕೊಂಡೆ.

ಮುಂದಿನ ಪೆಟ್ಟು ನನಗೇ ಬಿತ್ತು. ಹೊಸ ಶೆಲ್ಲನ್ನು ಆಪರೇಟರುಗಳ ಗುಂಪಿಗೆ ಪೂರ್ತಿ ಅನ್ವಯಿಸಿದೆ. ಆ ಗುಂಪಿನಲ್ಲಿ ನನ್ನ ಲಾಗಿನ್ನೂ ಇತ್ತೆಂಬುದು ಮರೆತಿತ್ತು. ಮನೆಯಿಂದ ಲಾಗಿನ್ ಆಗಿ ಏನು ಹೊಡೆದರೂ "ಅನುಮತಿ ಇಲ್ಲ" ಎಂದಿತು. ಸಿಟ್ಟಿನಿಂದ ಮತ್ತೆ ಮತ್ತೆ ಹೊಡೆದೆ. ಎಚ್ಚರಿಕೆಗಳು ಮುಗಿದು ನನ್ನನ್ನೇ ಹೊರಗೆ ಹಾಕಿತು. ಆಟೋ ಹಿಡಿದು ನೌಬಾದಿಗೆ ಹೋಗಿ, ಸರ್ವರಿಗೆ ನೇರವಾಗಿ ಮಾನಿಟರು, ಕೀಬೋರ್ಡು ಜೋಡಿಸಿ, ನನ್ನನ್ನು ನಾನೇ ಬಿಡಿಸಿಕೊಂಡೆ. ಸಾಹೇಬರು ಬಾಗಿಲಲ್ಲಿ ನಿಂತು ನೋಡಿ, "ಮೇಡಂ, ಭಾಳ ಚಲೋ ಕೆಲಸ ಮಾಡ್ತದರಿ ಇದು," ಎಂದು ನಕ್ಕರು. ಆ ಕೆಲಸದ ಉದ್ದಕ್ಕೂ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ.

ಮೊದಲು ಭಾಲ್ಕಿಯಲ್ಲಿ ಹಾಕಿದೆ. ಅಲ್ಲಿಯ ಆಪರೇಟರ್ ನನಗಿಂತ ಚಿಕ್ಕವಳು, ಬಾಯಿ ಜೋರು, ಕೆಲಸದಲ್ಲಿ ಚುರುಕು. ಹೊಸ ಲಾಗಿನ್ನಿನಲ್ಲಿ ಟಾಕಿಯ ಮಟ್ಟ ನೋಡಿದಳು, ಪಾಳಿ ನೋಡಿದಳು, ಪಾಳಿಯಲ್ಲಿದ್ದ ಓಣಿಯ ವಾಲ್ವನ್ನು ತೆರೆದು ಮುಚ್ಚಿದಳು. ಬೇಕೆಂದೇ ಅಡ್ಡಾದಿಡ್ಡಿ ಹೊಡೆದು ಎಚ್ಚರಿಕೆ ತರಿಸಿಕೊಂಡಳು.

"ಅಕ್ಕಾ, ಇದು ಭಾಳ ಖಡಕ್ ಅದರಿ. ನಮ್ಮ ಅತ್ತಿನೂ ಇಷ್ಟು ಬೈಯಂಗಿಲ್ಲ," ಎಂದಳು. ಆಮೇಲೆ ಪರದೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಲೀಕೇಜ್ ಟೆಸ್ಟ್ ಎಲ್ಲಿ ಇಟ್ಟೀರಿ?"

"ತಗದೀನಿ. ಪಾಳಿ ಬಿಟ್ಟು ವಾಲ್ವ್ ತೆರಿಯೋದು ಬಂದ್."

"ಪೂರಾ ಬಂದೇನ್ರಿ?"

"ಯಾಕ, ನಿಮ್ಮ ಊರಾಗೂ ಲೀಕ್ ಆಗ್ತದೇನು?"

ಅವಳು ನನ್ನ ಮುಖ ನೋಡಲಿಲ್ಲ. "ಎಲ್ಲಾ ಊರಾಗೂ ಆಗ್ತದರಿ ಅಕ್ಕಾ," ಎಂದಷ್ಟೇ ಹೇಳಿ ಚಹಾ ತರಲು ಎದ್ದಳು. ಇವಳೂ ನೀರು ಮಾರುತ್ತಾಳೆಯೇ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

ಔರಾದಿನ ಕಾಕಾ ನನ್ನನ್ನು ಬರಮಾಡಿಕೊಂಡ ರೀತಿಯಲ್ಲೇ ಅವರಿಗೆ ನಾನು ಬಂದದ್ದು ಯಾಕೆಂದು ಗೊತ್ತಿದೆ ಎಂಬುದು ತಿಳಿಯಿತು. ಕುರ್ಚಿ ತೋರಿಸಲಿಲ್ಲ. ಬಾಯಿ ತುಂಬ ತಂಬಾಕು ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದರು. ಮೋಟರು ಬದಲಾಗಿತ್ತು, ಟಾಕಿ ಇನ್ನೂ ಅರ್ಧವೂ ತುಂಬಿರಲಿಲ್ಲ. ಕೆಲವು ಓಣಿಗಳ ಪಾಳಿ ಪೂರ್ತಿ ತಪ್ಪಿಹೋಗಿತ್ತು.

"ಆ ದಿನ ಯಾರ ಸಲುವಾಗಿ ವಾಲ್ವ್ ತೆರದ್ರಿ ಕಾಕಾ?"

"ಲೀಕೇಜ್ ಟೆಸ್ಟ್."

"ಯಾವ ಪೈಪು?"

"ಪೈಪ್ ಅಂದ್ರ ಪೈಪ್. ಮಣ್ಣಾಗ ಇರ್ತದ, ನಿಮಗೇನು ಕಾಣ್ತದ?"

ನನಗೆ ರೇಗಿತು. ಮಾತು ಬಿಟ್ಟು ಹೊಸ ಲಾಗಿನ್ ಹಾಕಿಕೊಟ್ಟೆ. ಅವರ ದಪ್ಪ ಬೆರಳು ಒಂದು ಕೀಲಿ ಒತ್ತುವಲ್ಲಿ ಎರಡು ಒತ್ತುತ್ತಿತ್ತು. ಕಾಗುಣಿತ ತಪ್ಪಿದ್ದಕ್ಕೆಲ್ಲ ಶೆಲ್ಲು ಎಚ್ಚರಿಕೆ ಕೊಡುತ್ತ ಹೋಗಿ, ಕೊನೆಗೆ ಅವರನ್ನು ಹೊರಗೆ ಹಾಕಿತು. "ಹೊರಗ ಹೋಗು ಅನ್ಲಿಕತ್ತದ. ಯಾರಪ್ಪಂದು ಇದು?" ಎಂದು ಎದ್ದುಹೋಗಿ ಬಾಗಿಲಾಚೆ ಉಗುಳಿದರು. ಅವರಿಗಾಗಿ ಎಚ್ಚರಿಕೆಗಳ ಮಿತಿಯನ್ನು ಏರಿಸಿದೆ. ಅಷ್ಟರಲ್ಲಿ ಮಧ್ಯಾಹ್ನವಾಯಿತು.

ಊಟದ ಹೊತ್ತಿಗೆ ಗೇಟಿನ ಹೊರಗೆ ಒಬ್ಬ ಬಂದು ನಿಂತ. ತಲೆಗೆ ಸುತ್ತಿದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ಕರೆಯಲಿಲ್ಲ, ಗೇಟು ಬಡಿಯಲಿಲ್ಲ. ಕಾಕಾ ಅವನನ್ನು ನೋಡಿದ ಕೂಡಲೇ ಬುತ್ತಿ ಮುಚ್ಚಿ, ಬಾಯಿ ಮುಕ್ಕಳಿಸಿ, ಗೇಟಿನ ತನಕ ಹೋದರು. "ಯಾವ ಓಣಿ?" ಎಂದು ಮಾತ್ರ ಕೇಳಿದರು. ಅವನು ಓಣಿ ಹೇಳಿ ತಿರುಗಿ ಹೋದ. ಕಾಕಾ ಬಂದವರೇ ಕಂಪ್ಯೂಟರಿನ ಮುಂದೆ ಕೂತು, ಹಳೆಯ ಅಭ್ಯಾಸದಲ್ಲಿ, ಪಾಳಿ ಇಲ್ಲದ ವಾಲ್ವು ತೆರೆಯುವ ಕಮಾಂಡ್ ಹೊಡೆದರು. ಅನುಮತಿ ಇಲ್ಲ. ಮತ್ತೆ ಹೊಡೆದರು. ಅನುಮತಿ ಇಲ್ಲ. ಹೊಡೆಯುತ್ತಲೇ ಹೋದರು. ನಾನು ಏರಿಸಿಟ್ಟ ಮಿತಿಯೂ ಮುಗಿದು ಪರದೆ ಖಾಲಿಯಾಯಿತು.

ಆಗ ಮೊದಲ ಬಾರಿಗೆ ಅವರು ನನ್ನ ಮುಖ ನೋಡಿ ಮಾತಾಡಿದರು.

"ಬಾಣಂತಿ ಹೋಗ್ಯಾಳರಿ. ಬೀದರ ದವಾಖಾನಿಂದ ಈಗ ತಂದಾರ. ಆ ಓಣಿ ಪಾಳಿ ತಪ್ಪ್ಯಾದ, ಮನ್ಯಾಗ ಒಂದು ತಂಬಿಗಿ ನೀರಿಲ್ಲ. ಟ್ಯಾಂಕರ್ ಸಂಜಿತನ ಬರಂಗಿಲ್ಲ. ಈ ಬಿಸಿಲಾಗ ಹೆಣಾ ಎಷ್ಟೊತ್ತು ಇಡ್ತಾರ? ಮೈ ತೊಳೀಬೇಕಲ್ರಿ."

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಸತ್ತವರ ಮೈ ತೊಳೆಯಬೇಕು, ಮಣ್ಣಿಗೆ ಹೋಗಿ ಬಂದವರು ಮೈಮೇಲೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟಬಾರದು. ನಾನು ಕಮಠಾಣದಲ್ಲಿ ಹುಟ್ಟಿ ಬೆಳೆದವಳು, ಇದು ನನಗೆ ಹೊಸದಲ್ಲ. ಆದರೆ ನಮ್ಮಲ್ಲಿ ಬಾವಿ ಇತ್ತು. ನೀರು ಪಾಳಿಯ ಮೇಲೆ ಬರುವ ಊರಿನಲ್ಲಿ ಸಾವು ಪಾಳಿ ನೋಡಿ ಬರುವುದಿಲ್ಲ ಎಂದು ನನಗೆ ಹೊಳೆದಿರಲಿಲ್ಲ.

ನನ್ನ ಲ್ಯಾಪ್‌ಟಾಪ್ ತೆಗೆದು, ನನ್ನ ಲಾಗಿನ್ನಿನಲ್ಲಿ ಆ ಓಣಿಯ ವಾಲ್ವು ತೆರೆದೆ. ಸಾಹೇಬರನ್ನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ, ಕೇಳುವಷ್ಟು ಹೊತ್ತು ಇರಲಿಲ್ಲ. ಕಾರಣ ಏನೆಂದು ಪ್ರೋಗ್ರಾಮು ಕೇಳಿತು. ನಾನು ಇದ್ದದ್ದನ್ನು ಬರೆದೆ. ಸಾವಿನ ಮನೆ.

ಕಾಕಾ ಹಿಂದೆ ನಿಂತು ಓದಿದರು. "ಅದು ಅಳಿಸ್ರಿ," ಎಂದರು.

"ಯಾಕ?"

"ಅಳಿಸ್ರಿ ಅಂದ್ರ ಅಳಿಸ್ರಿ. ಸತ್ತ ಮನಿಗೆ ಬಿಟ್ಟ ನೀರು ಲೆಕ್ಕಕ್ಕ ಹಿಡಿಬಾರ್ದು. ನಾವು ಕೊಟ್ಟೇವಿ ಅನಬಾರ್ದು, ಅವರೂ ತೊಗೊಂಡೇವಿ ಅನಬಾರ್ದು. ನಮ್ಮಪ್ಪ ಇದೇ ಕೆಲಸ ಮಾಡ್ದಾಂವ. ಕೀಲಿ ಹಿಡ್ಕೊಂಡು ಹೋಗಿ ಖುಲ್ಲಾ ಮಾಡಿ, ಯಾರ ಮಾರಿನೂ ನೋಡದೆ ತಿರುಗಿ ಬರ್ತಿದ್ದ."

ಅಳಿಸಲು ಬರುವುದಿಲ್ಲ ಎಂದು ಹೇಳಬೇಕಾಯಿತು. ಅಳಿಸದ ಹಾಗೆ ಕಟ್ಟಿದವಳೇ ನಾನು.

ನೋಡಿಯೇ ಬಿಡೋಣ ಎಂದು ಆ ಓಣಿಗೆ ಹೋದೆ. ಕಾಕಾ ದೂರ ನಿಂತರು. ಎಲ್ಲರ ಮನೆಯ ಮುಂದೆ ಬರಿ ಕೊಡಗಳಿದ್ದವು, ಎಷ್ಟೋ ದಿನದಿಂದ ನೀರು ಕಾಣದ ಕೊಡಗಳು. ಆದರೆ ಸಾವಿನ ಮನೆಯದೊಂದನ್ನು ಬಿಟ್ಟು ಪ್ರತಿ ನಳಕ್ಕೂ ಆಯಾ ಮನೆಯವರೇ ಒಂದು ಬಟ್ಟೆ ಬಿಗಿದು ಕಟ್ಟಿದ್ದರು. ನೀರು ಆ ಒಂದು ಮನೆಯ ನಳದಿಂದ ಮಾತ್ರ ಬೀಳುತ್ತಿತ್ತು. ಉಳಿದ ಹೆಂಗಸರು ತಮ್ಮ ಕಟ್ಟೆಗಳ ಮೇಲೆ ಕೂತಿದ್ದರು, ಒಬ್ಬಳೂ ಕೊಡ ಎತ್ತಿಕೊಂಡಿರಲಿಲ್ಲ. ಒಳಗೆ ಹಸುಗೂಸು ಅಳುತ್ತಿತ್ತು. ಅದಕ್ಕೆ ಹಾಲು ಕೊಡಲು ಪಕ್ಕದ ಮನೆಯ ಹೆಂಗಸೊಬ್ಬಳು ಒಳಗೆ ಹೋದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಪಂಪ್‌ಹೌಸಿಗೆ ಬಂದು, ಹೊತ್ತಿಗೆ ಸರಿಯಾಗಿ ವಾಲ್ವು ಮುಚ್ಚಿದೆ. ಆಮೇಲೆ ಕಾಕಾ ತಾವಾಗಿಯೇ ಟಾಕಿ ಬರಿದಾದ ದಿನದ ಸುದ್ದಿ ತೆಗೆದರು. ಆ ದಿನ ಹೋದದ್ದು ದಿಕ್ಕಿಲ್ಲದ ಒಬ್ಬ ಮುದುಕ. ನೀರು ಬಿಟ್ಟರು. ಹೊರಲು ಮಂದಿ ಸಾಲದೆ ಇವರನ್ನೇ ಕರೆದರು. ಹೆಗಲು ಕೊಡು ಎಂದವರಿಗೆ ಇಲ್ಲ ಎನ್ನಲಾದೀತೇ? ಹೋದರು. ವಾಲ್ವು ತೆರೆದೇ ಉಳಿಯಿತು, ಮುಚ್ಚಲು ಯಾರಿಗಾದರೂ ಹೇಳೋಣವೆಂದರೆ ಸುಡುಗಾಡಿನಲ್ಲಿ ಫೋನಿಗೆ ರೇಂಜ್ ಇಲ್ಲ. ಮಣ್ಣು ಕೊಟ್ಟು, ಮುಂದಿನದೆಲ್ಲ ಮುಗಿಸಿ ಬರುವಷ್ಟರಲ್ಲಿ ಟಾಕಿ ಬತ್ತಿತ್ತು, ಮೋಟರಿನಿಂದ ಹೊಗೆ ಬರುತ್ತಿತ್ತು.

"ತಪ್ಪು ನಂದೇ ಅದ. ಇಲ್ಲ ಅನ್ನಂಗಿಲ್ಲ. ಆದ್ರ ಮಾರಿಲ್ಲರಿ."

"ಹಾಂಗಂತ ಬರದು ಕೊಡ್ತೇನಿ ಕಾಕಾ. ಬರದ್ರ ಸತ್ತ ಮನಿ ಸಲುವಾಗಿ ಒಂದು ಕಮಾಂಡ್ ಇಡ್ಲಿಕ್ಕೆ ಕೇಳ್ಬಹುದು. ಅರ್ಧ ತಾಸಿಗೆ ತಾನೇ ಮುಚ್ಚಿಕೊಳ್ಳೋಹಾಂಗ ಮಾಡ್ತೇನಿ. ಬರೀದಿದ್ರ ನೀವು ಕಳ್ಳ, ಊರಿಗೆ ನೀರೂ ಇಲ್ಲ."

"ಕಳ್ಳ ಅಂದ್ರ ಅನ್ಲಿ," ಎಂದರು ಕಾಕಾ. ಮಗಳು ಗಂಡನ ಮನೆ ಬಿಟ್ಟು ಎರಡು ಮಕ್ಕಳೊಂದಿಗೆ ಅವರಲ್ಲೇ ಇದ್ದಳು. ಮನೆಗೆ ಬರುವ ಪಗಾರ ಇವರದೊಂದೇ. ಸಂಜೆಯ ಬಸ್ಸಿಗೆ ನಾನು ಚೀಲ ಎತ್ತಿಕೊಂಡಾಗ ಗೇಟಿನ ತನಕ ಬಂದರು. "ಬರೀರಿ. ಆದ್ರ ಒಂದು ಮನಿ ಹೆಸರೂ ಹಾಕಬ್ಯಾಡ್ರಿ. ನಾಳಿ ನಿಮ್ಮವರು ಯಾರರೆ ಆ ಬಾಗಿಲಿಗೆ ಹೋಗಿ, ನಿಮ್ಮ ಮನ್ಯಾಗ ಸತ್ತಾಗ ನೀರು ತೊಗೊಂಡಿದ್ರೇನು ಅಂತ ಕೇಳಿದ್ರ, ನಾ ಆ ಓಣ್ಯಾಗ ಹ್ಯಾಂಗ ಅಡ್ಡಾಡ್ಲಿ?"

ಹಾಕುವುದಿಲ್ಲ ಎಂದು ಮಾತು ಕೊಟ್ಟೆ.

ರಿಪೋರ್ಟು ಬರೆದೆ. ಭಾಲ್ಕಿಯವಳಿಗೂ ಫೋನು ಮಾಡಿ ಕೇಳಿದೆ. "ಈಗ ತಿಳೀತೇನ್ರಿ ಅಕ್ಕಾ," ಎಂದು ಅವಳು ಅತ್ತಳು. ಅವಳಲ್ಲೂ ಲೀಕೇಜ್ ಟೆಸ್ಟ್ ಎಂದರೆ ಅದೇ. ಆದರೆ ಅವಳೂ ಒಂದು ಮನೆಯ ಹೆಸರು ಹೇಳಲಿಲ್ಲ.

ಸಾಹೇಬರು ರಿಪೋರ್ಟನ್ನು ನನ್ನೆದುರಿಗೇ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು. "ನಮ್ಮವ್ವ ಹೋದಾಗ ನಮ್ಮೂರು ಮನ್ನಳ್ಳ್ಯಾಗ ನಮ್ಮದೇ ಬಾವಿ ಇತ್ತರಿ. ಯಾರನ್ನೂ ಕೇಳೋ ಪ್ರಸಂಗ ಬಂದಿಲ್ಲ," ಎಂದರು. ಈ ಮನುಷ್ಯನಿಗೆ ಅರ್ಥವಾಯಿತು ಎಂದು ನನಗೆ ಜೀವ ಬಂದಂತಾಯಿತು.

"ಹೆಸರು ಎಲ್ಲವ?" ಎಂದು ಕೇಳಿದರು ಆಮೇಲೆ.

"ಹಾಕಿಲ್ಲರಿ."

"ಹೆಸರಿಲ್ಲದ ಕತಿ ನಾ ಮ್ಯಾಲ ಹ್ಯಾಂಗ ಕಳಿಸ್ಲಿ ಮೇಡಂ? ನೀರು ಮಾರ್ದಾಂವ ಸೈತ ಇದೇ ಕತಿ ಹೇಳ್ತಾನ. ಯಾವ್ಯಾವ ಮನಿ, ಯಾರ್ಯಾರು ಸತ್ತಾರ, ಒಂದು ಹತ್ತು ಹೆಸರು ಕೊಡ್ರಿ. ಕಾಕಾನ ನೌಕ್ರಿ ನಾ ಉಳಿಸ್ತೇನಿ. ಇಲ್ಲಂದ್ರ ವಾಲ್ ಖುಲ್ಲಾ ಮಾಡ್ದಾಂವ ಅವನೇ ಅಂತ ನೀವೇ ಬರದೀರಿ. ಮೊದಲು ಅಷ್ಟೂ ಪುರಾವೆ ಇರಲಿಲ್ಲ."

ಆ ಕೊನೆಯ ಮಾತು ನನ್ನ ಕಪಾಳಕ್ಕೆ ಬಿತ್ತು. ನಿಜ. ಎಲ್ಲರಿಗೂ ಒಂದೇ ಲಾಗಿನ್ ಇದ್ದ ಕಾಲದಲ್ಲಿ ಯಾರು ತೆರೆದರೆಂದು ಯಾರೂ ಹೇಳಲಾಗುತ್ತಿರಲಿಲ್ಲ. ಕಾಕಾನನ್ನು ಉಳಿಸಲು ನಾನು ಬರೆದದ್ದೇ ಅವರ ವಿರುದ್ಧದ ಸಾಕ್ಷಿಯಾಗಿ ಮೇಜಿನ ಮೇಲೆ ಬಿದ್ದಿತ್ತು.

ಹೆಸರು ಸಿಗುವುದು ಕಷ್ಟವಿರಲಿಲ್ಲ. ಯಾವ ದಿನ ಯಾವ ಓಣಿಯ ವಾಲ್ವು ತೆರೆಯಿತೆಂದು ನನ್ನಲ್ಲೇ ಇತ್ತು. ಆ ದಿನ ಆ ಓಣಿಯಲ್ಲಿ ಯಾರು ಸತ್ತರೆಂದು ಔರಾದಿನ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಅರ್ಧ ದಿನದ ಕೆಲಸ. ಎರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಮಾತು ಮುರಿದರೆ ಅನ್ನ ಉಳಿಯುತ್ತದೆ, ಮಾತು ಉಳಿಸಿದರೆ ಅನ್ನ ಹೋಗುತ್ತದೆ. ಅನ್ನ ನನ್ನದಲ್ಲ, ಅವರದು. ಹಾಗಾದರೆ ತೀರ್ಮಾನವೂ ಅವರದೇ ಇರಲಿ ಎಂದು ಫೋನು ಮಾಡಿದೆ.

"ಕಾಕಾ, ಹೆಸರು ಕೊಟ್ರ ನೌಕ್ರಿ ಉಳೀತದ. ಸಾಹೇಬ್ರು ಖರೇನೇ ಉಳಿಸ್ತಾರ. ಕೊಡ್ಲೇನು?"

"ಕೊಡಬ್ಯಾಡ್ರಿ."

"ಮಗಳು, ಮೊಮ್ಮಕ್ಕಳು?"

"ಅವರೂ ಇದೇ ಊರಾಗ ಬಾಳ್ಬೇಕಲ್ರಿ," ಎಂದು ಫೋನು ಇಟ್ಟುಬಿಟ್ಟರು.

ನಾನು ಹೆಸರು ಕೊಡಲಿಲ್ಲ. ಮರುವಾರ ಕಾಕಾನನ್ನು ಕೆಲಸದಿಂದ ತೆಗೆದರು.

ಸತ್ತ ಮನೆಯ ಕಮಾಂಡಿಗೆ ಮಾತ್ರ ಮೇಲಿನಿಂದ ಒಪ್ಪಿಗೆ ಬಂತು. ಒಂದು ಷರತ್ತಿನ ಮೇಲೆ. ತೀರಿಕೊಂಡವರ ಹೆಸರು, ಮನೆಯ ಯಜಮಾನರ ಹೆಸರು ಎರಡನ್ನೂ ತುಂಬಿದರೆ ಮಾತ್ರ ವಾಲ್ವು ತೆರೆಯಬೇಕು. ಬೇಡವೆಂದು ನಾನು ಎಷ್ಟು ವಾದಿಸಿದರೂ, "ಮತ್ತ ದುರುಪಯೋಗ ಆದ್ರ ಯಾರು ಜವಾಬ್ದಾರಿ?" ಎಂದು ಸಾಹೇಬರು ಅದನ್ನೇ ಕೇಳಿದರು. ಅದನ್ನೂ ನಾನೇ ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಒಪ್ಪದಂತೆ, ಬರೀ ಚುಕ್ಕೆ ಇಟ್ಟರೆ ಒಪ್ಪದಂತೆ, ಅರ್ಧ ತಾಸಿಗೆ ತಾನೇ ಮುಚ್ಚಿಕೊಳ್ಳುವಂತೆ. ನೆಟ್‌ವರ್ಕ್ ಹೋದರೂ ಮುಚ್ಚಿಕೊಳ್ಳುವಂತೆ ವಾಲ್ವಿನ ಬುಡದಲ್ಲೇ ಟೈಮರ್ ಇಟ್ಟೆ. ತಾಂತ್ರಿಕವಾಗಿ ನಾನು ಮಾಡಿದ ಅಚ್ಚುಕಟ್ಟಾದ ಕೆಲಸಗಳಲ್ಲಿ ಅದೂ ಒಂದು. ಅಪ್ಪಣೆ ಇಲ್ಲದೆ ವಾಲ್ವು ತೆರೆದೆನೆಂದು ನನ್ನ ಲಾಗಿನ್ನಿನಿಂದಲೂ ಆ ಅಧಿಕಾರ ತೆಗೆಸಿದರು. ಹೊಸ ಶೆಲ್ಲು ಈಗ ನನಗೂ ಅನುಮತಿ ಇಲ್ಲ ಎನ್ನುತ್ತದೆ.

ಮಳೆಗಾಲ ಬಂತು. ಬಂತೆನ್ನಬೇಕಷ್ಟೇ, ಪಾಳಿ ಸಡಿಲಾಗುವಷ್ಟು ಬರಲಿಲ್ಲ. ಶೆಲ್ಲಿನ ಹೊಸ ಆವೃತ್ತಿ ಹಾಕಲು ಮತ್ತೆ ಔರಾದಿಗೆ ಹೋದೆ. ಕಾಕಾನ ಕುರ್ಚಿಯಲ್ಲಿ ಬೀದರಿನಿಂದ ಕಳಿಸಿದ ಹೊಸ ಆಪರೇಟರು ಕೂತಿದ್ದ. ಸಭ್ಯ, ಓದಿದವನು. ಸತ್ತ ಮನೆಯ ಕಮಾಂಡನ್ನು ಅಲ್ಲಿತನಕ ಒಂದೇ ಒಂದು ಸಲವೂ ಯಾರೂ ಬಳಸಿರಲಿಲ್ಲ.

"ಯಾರೂ ಬರಂಗಿಲ್ಲೇನು?" ಎಂದೆ.

"ಬರ್ತಾರಿ ಮೇಡಂ. ಗೇಟಿಗೆ ಬಂದು ನಿಂದರ್ತಾರ. ಯಾರು ಹೋದ್ರು, ಹೆಸರು ಹೇಳ್ರಿ ಅಂತೇನಿ. ಸುಮ್ನ ತಿರುಗಿ ಹೋಗ್ತಾರ. ಇವತ್ತ ಮುಂಜಾನಿನೂ ಒಬ್ಬಾಂವ ಬಂದಿದ್ದ." ಅವನಿಗೂ ಸಂಕಟವಾಗಿತ್ತು. "ಸುಳ್ಳು ಹೆಸರು ಹಾಕ್ಲೇನ್ರಿ?"

ಇದಕ್ಕಾಗಿ ಇನ್ನೊಬ್ಬನ ನೌಕರಿ ಹೋಗುವುದು ನನಗೆ ಬೇಕಿರಲಿಲ್ಲ. ಬೇಡ ಎಂದೆ. ಯಾವ ಓಣಿ ಎಂದು ಕೇಳಿ, ಪಂಪ್‌ಹೌಸಿನ ಒಂದು ಕೊಡವನ್ನು ಸಂಪಿನಿಂದ ತುಂಬಿಸಿಕೊಂಡು ಸೊಂಟದ ಮೇಲಿಟ್ಟು ನಡೆದೆ. ಕೊಡ ಹೊತ್ತು ಎಷ್ಟೋ ವರ್ಷವಾಗಿತ್ತು. ಸೀರೆ ಅರ್ಧ ನೆನೆಯಿತು.

ಆ ಮನೆಗೆ ಬೇರೆ ಬೇರೆ ಓಣಿಗಳಿಂದ ಜನ ಬರುತ್ತಿದ್ದರು. ಕೊಡ, ಬಕೀಟು, ಕೊನೆಗೆ ತಂಬಿಗೆ. ಪಾಳಿ ಬಂದ ಮನೆಗಳವರು ತಮ್ಮ ಕುಡಿಯುವ ನೀರಿನಲ್ಲಿ ಪಾಲು ತೆಗೆದು ತರುತ್ತಿದ್ದರು. ಬಾಗಿಲ ಹೊರಗೆ ಒಂದು ಡ್ರಮ್ ಇಟ್ಟಿದ್ದರು. ಅದರ ಪಕ್ಕ ನಿಂತು ಒಬ್ಬೊಬ್ಬರ ಕೈಯಿಂದ ಇಸಿದುಕೊಂಡು ಸುರಿಯುತ್ತಿದ್ದವರು ಕಾಕಾ. ಬಹಳ ಇಳಿದುಹೋಗಿದ್ದರು. ಡ್ರಮ್ಮಿನ ನೀರು ಮೊಣಕಾಲಿನ ಮಟ್ಟಕ್ಕೂ ಬಂದಿರಲಿಲ್ಲ, ಒಳಗೆ ಹೆಂಗಸರ ಅಳು ಆಗಲೇ ದಣಿದಿತ್ತು.

ಅವರು ನನ್ನನ್ನು ಒಮ್ಮೆ ನೋಡಿದರು. ಕೊಡ ಇಸಿದುಕೊಂಡು, ಒಂದು ಹನಿಯೂ ಚೆಲ್ಲದಂತೆ ಸುರಿದು, ಖಾಲಿ ಕೊಡವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಎಷ್ಟು ಕೊಡ ತರ್ತೀರಿ ಮೇಡಂ?" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಿಂದೆ ನಿಂತ ಹೆಂಗಸು ತನ್ನ ಬಕೀಟನ್ನು ಮುಂದೆ ಚಾಚಿದಳು, ನಾನು ಪಕ್ಕಕ್ಕೆ ಸರಿದೆ.